ಬಿಪಿ ನೋಡುವವರು ಉಸಿರನ್ನೇಕೆ ಅಳೆಯುವುದಿಲ್ಲ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ಈ ನಾಲ್ಕೂ ತಾಲ್ಲೂಕುಗಳಲ್ಲಿ ‘ದಮ್ಮು’ ಎಂದು ಆಸ್ಪತ್ರೆಗೆ ಬರುವವರು ಒಂದೇ ಬಗೆಯವರಲ್ಲ. ಕ್ರಷರಿನ ಧೂಳಿನಲ್ಲಿ ಅರ್ಧ ಆಯುಷ್ಯ ಕಳೆದವರಿದ್ದಾರೆ, ಸೌದೆ ಒಲೆ ಊದಿ ಊದಿ ಸೋತ ಅಜ್ಜಿಯರಿದ್ದಾರೆ. ಬೀಡಿ ಬಿಡದವರೂ ಇದ್ದಾರೆ. ಆರು ತಿಂಗಳು ಕ್ಷಯದ ಮಾತ್ರೆ ನುಂಗಿ ‘ಗುಣವಾಯಿತು’ ಅನ್ನಿಸಿಕೊಂಡ ಮೇಲೂ ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವರಿದ್ದಾರೆ. ಇವರಿಗೆಲ್ಲ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಾರೆ, ಬೆರಳು ಚುಚ್ಚಿ ಶುಗರ್ ನೋಡುತ್ತಾರೆ, ಹೆಚ್ಚೆಂದರೆ ಎಕ್ಸ್‌ರೇ ಬರೆದುಕೊಡುತ್ತಾರೆ. ಎದೆಯೊಳಗೆ ಎಷ್ಟು ಗಾಳಿ ಹೋಗುತ್ತದೆ, ಎಷ್ಟು ಬೇಗ ಹೊರಬರುತ್ತದೆ ಎಂದು ಊದಿಸಿ ನೋಡುವ ಪದ್ಧತಿ ಮಾತ್ರ ಅಷ್ಟು ಸಹಜವಾಗಿ ಬಂದಿಲ್ಲ.

ತಮಾಷೆಯೆಂದರೆ ಪ್ರಶ್ನೆ ಕೇಳುವ ಕೆಲಸ ಆಗಲೇ ನಡೆಯುತ್ತಿದೆ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗೆ ಹೋಗಿ ತುಂಬುವ ನಮೂನೆಯಲ್ಲಿ ಅಡುಗೆಗೆ ಯಾವ ಉರುವಲು, ಕೆಲಸದ ಜಾಗದಲ್ಲಿ ಹೊಗೆ ಉಂಟೇ, ಉಸಿರಾಡಲು ಕಷ್ಟವೇ ಎಂದು ಕೇಳುವ ಕಲಮುಗಳಿವೆ. ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಶ್ವಾಸನಾಳ ಕಿರಿದಾಗಿಸುವ ಸಿಒಪಿಡಿಯೂ ಸೇರಿದೆ. 2018ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ, ದೇಶದಲ್ಲಿ 1990ರಲ್ಲಿ 2.8 ಕೋಟಿಯಷ್ಟಿದ್ದ ಸಿಒಪಿಡಿ ರೋಗಿಗಳು 2016ಕ್ಕೆ 5.5 ಕೋಟಿ ದಾಟಿದ್ದರು. ‘ಹೌದು, ದಮ್ಮಿದೆ’ ಎಂದು ಬರೆದುಕೊಂಡ ಮೇಲೆ ಮುಂದೇನು ಎಂಬಲ್ಲಿ ಸರಪಳಿ ತುಂಡಾಗುತ್ತದೆ.

ಊದಿಸಿ ನೋಡುವ ಈ ಸ್ಪೈರೋಮೆಟ್ರಿ ಪರೀಕ್ಷೆಯೇನೂ ದೊಡ್ಡ ವಿದ್ಯೆಯಲ್ಲ. ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ. ತುಂಬಾ ಉಸಿರೆಳೆದುಕೊಂಡು ಒಮ್ಮೆಗೇ ಜೋರಾಗಿ ಊದಬೇಕು. ಪಕ್ಕದಲ್ಲಿ ನಿಂತ ಟೆಕ್ನಿಷಿಯನ್ ‘ಊದಿ, ಊದಿ, ಇನ್ನೂ ಊದಿ, ಬಿಡಬೇಡಿ’ ಎಂದು ಕೂಗುತ್ತಿರಬೇಕು. ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರಾಡುತ್ತದೆ, ಆರು ಸೆಕೆಂಡು ಆರು ನಿಮಿಷದಂತೆ ಕಾಣುತ್ತದೆ. ಸರಿಯಾದ ಮೂರು ಊದುಗಳಾದರೂ ಸಿಗಬೇಕು. ಆಮೇಲೆ ಸಾಲ್ಬುಟಮಾಲ್ ಪಂಪು ಕೊಟ್ಟು ಹದಿನೈದು ನಿಮಿಷ ಕೂರಿಸಿ ಮತ್ತೆ ಊದಿಸುತ್ತಾರೆ. ಔಷಧ ಕೊಟ್ಟ ಮೇಲೂ, ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬಂದದ್ದು ನೂರಕ್ಕೆ 70ಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿಯ ಅನುಮಾನ ಗಟ್ಟಿಯಾಗುತ್ತದೆ. ಔಷಧದಿಂದ ಶ್ವಾಸನಾಳ ಚೆನ್ನಾಗಿ ತೆರೆದುಕೊಂಡರೆ ಅನುಮಾನ ಆಸ್ತಮಾ ಕಡೆಗೆ ವಾಲುತ್ತದೆ. ಇಲ್ಲಿ ಯಂತ್ರಕ್ಕಿಂತ ಮುಖ್ಯವಾದದ್ದು ಕೂಗುವವರ ಗಂಟಲು. ನಾಚಿಕೆಯಿಂದ ಅರೆಬರೆ ಊದಿದ ಹೆಂಗಸಿನ ಅಂಕಿಯನ್ನು ನಂಬಿ ಚಿಕಿತ್ಸೆ ಕೊಡುವುದಕ್ಕಿಂತ ಪರೀಕ್ಷೆ ಮಾಡದಿರುವುದೇ ಲೇಸು.

ಈ ಯಂತ್ರ ಹೊಸದೂ ಅಲ್ಲ. ಜಾನ್ ಹಚಿನ್ಸನ್ ಎಂಬ ಇಂಗ್ಲಿಷ್ ವೈದ್ಯ 1846ರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಊದಿಸಿ ಲೆಕ್ಕ ಪ್ರಕಟಿಸಿದ್ದ. ಆಳು ಎತ್ತರವಾದಷ್ಟೂ ಊದುವ ಗಾಳಿ ಹೆಚ್ಚು ಎಂದು ತೋರಿಸಿದವನೂ ಅವನೇ.

ಆದರೆ ಊದಿದ್ದಷ್ಟೇ ಶ್ವಾಸಕೋಶವಲ್ಲ. ಕೆರೆಯ ತೂಬು ಪೂರ್ತಿ ಎತ್ತಿದರೂ ತೂಬಿಗಿಂತ ಕೆಳಗಿನ ನೀರು ಹರಿಯುವುದಿಲ್ಲವಲ್ಲ, ಹಾಗೆ ಎಷ್ಟೇ ಊದಿದರೂ ವಯಸ್ಕರ ಎದೆಯಲ್ಲಿ ಸುಮಾರು 1.2 ಲೀಟರ್ ಗಾಳಿ ಉಳಿದೇ ಉಳಿಯುತ್ತದೆ. ಆರಾಮವಾಗಿ ಕೂತಾಗ ಎಳೆದು ಬಿಡುವುದು ಅರ್ಧ ಲೀಟರ್. ಒಟ್ಟು ಹಿಡಿಸುವುದು ಆರೋಗ್ಯವಂತ ಗಂಡಸಿನಲ್ಲಿ 6 ಲೀಟರ್ ಆಸುಪಾಸು. ಸಿಒಪಿಡಿಯಲ್ಲಿ ಹೊರಬರದೆ ಸಿಕ್ಕಿಕೊಳ್ಳುವ ಗಾಳಿ ಹೆಚ್ಚುತ್ತಾ ಹೋಗುತ್ತದೆ. ಕಲ್ಲಿನ ಧೂಳು ಕುಳಿತು ಗಡುಸಾದ ಶ್ವಾಸಕೋಶದಲ್ಲಿ ಹಿಡಿಸುವ ಗಾಳಿಯೇ ಕಡಿಮೆ. ಎರಡರಲ್ಲೂ ಊದುವ ಅಂಕಿ ಇಳಿಯುತ್ತದೆ, ಇಳಿದದ್ದು ಯಾಕೆಂದು ಸಾಮಾನ್ಯ ಸ್ಪೈರೋಮೀಟರ್ ಪೂರ್ತಿ ಹೇಳಲಾರದು. ಉಳಿದ ಗಾಳಿಯನ್ನು ಅಳೆಯಲು ಬೇರೆ ಉಪಾಯ ಬೇಕು.

ಒಂದು ಉಪಾಯ ಹೀಲಿಯಂ. ಈ ಅನಿಲ ರಕ್ತದಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. 3 ಲೀಟರ್ ಪಾತ್ರೆಯಲ್ಲಿ ನೂರಕ್ಕೆ 10ರಷ್ಟು ಹೀಲಿಯಂ ಇಟ್ಟು, ಅದರಲ್ಲೇ ಉಸಿರಾಡಿಸಿದ ಮೇಲೆ ಅದು 5ಕ್ಕೆ ಇಳಿದರೆ, ಸೇರಿಕೊಂಡ ಶ್ವಾಸಕೋಶದಲ್ಲೂ 3 ಲೀಟರ್ ಗಾಳಿ ಇತ್ತೆಂದು ಲೆಕ್ಕ. ಇನ್ನೊಂದು ಉಪಾಯ, ರೋಗಿಯನ್ನು ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ಒತ್ತಡದ ಏರಿಳಿತದಿಂದ ಗಾಳಿಯ ಲೆಕ್ಕ ಹಿಡಿಯುವುದು. ಇವು ತಾಲ್ಲೂಕು ಆಸ್ಪತ್ರೆಯ ಸಾಮಾನಲ್ಲ, ದೊಡ್ಡ ಆಸ್ಪತ್ರೆಯವು. ಊದಿಸುವ ಯಂತ್ರ ಹಾಗಲ್ಲ, ಅದು ಮೇಜಿನ ಮೂಲೆಯಲ್ಲಿ ಕೂರುತ್ತದೆ.

ಇಷ್ಟೆಲ್ಲ ಯಾಕೆ ಬೇಕೆಂದರೆ ಈ ಸೀಮೆ ಕಲ್ಲಿನದು. ಮಧುಗಿರಿಯ ಏಕಶಿಲಾ ಬೆಟ್ಟ ನೋಡಲು ಬರುವವರಿಗೆ ಅದು ಚೆಂದ, ಗ್ರಾನೈಟಿಗೆ ಕುಳಿ ಹೊಡೆಯುವವರಿಗೆ ಅದರಲ್ಲಿನ ಸಿಲಿಕಾ ಶತ್ರು. ಗ್ರಾನೈಟಿನಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಸ್ಫಟಿಕ ಇರುತ್ತದೆ. ಅದರ ನವಿರು ಧೂಳು ಏನು ಮಾಡೀತೆಂದು ಕರ್ನಾಟಕಕ್ಕೆ ಹೊರಗಿನವರು ಬಂದು ಹೇಳಬೇಕಿಲ್ಲ. 1940ರ ದಶಕದಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರರಲ್ಲಿ 40ಕ್ಕೂ ಹೆಚ್ಚು ಜನರಿಗೆ ಈ ಧೂಳಿನಿಂದ ಬರುವ ಸಿಲಿಕೋಸಿಸ್ ಇತ್ತು. ಅಲ್ಲಿ ಕಂಪನಿಯಿತ್ತು, ಹಾಜರಿ ಪುಸ್ತಕವಿತ್ತು, ಆಸ್ಪತ್ರೆಯಿತ್ತು. ದಿನಗೂಲಿಯ ಕ್ವಾರಿ ಆಳಿಗೆ ಇವತ್ತು ಇಲ್ಲಿ ಕೆಲಸ, ನಾಳೆ ಇನ್ನೆಲ್ಲೋ. ಅವರ ಎದೆಯ ಲೆಕ್ಕ ಇಡುವವರು ಯಾರು?

ಊದುವ ಪರೀಕ್ಷೆಯೊಂದರಿಂದಲೇ ಸಿಲಿಕೋಸಿಸ್ ತೀರ್ಮಾನವಾಗುವುದಿಲ್ಲ ನಿಜ. ಶುರುವಿನಲ್ಲಿ ಅಂಕಿ ಸರಿಯಾಗಿಯೇ ಬರಬಹುದು, ಎಕ್ಸ್‌ರೇ ಮತ್ತು ಕೆಲಸದ ಚರಿತ್ರೆ ಬೇಕೇಬೇಕು. ಆದರೆ ದುಡಿಯುವ ಶಕ್ತಿ ಎಷ್ಟು ಕುಂದಿದೆ ಎಂದು ಪರಿಹಾರ ಕೇಳಲು ಹೋದಾಗ ಕೈಯಲ್ಲಿ ಅಂಕಿಯಿರಬೇಕು. ರಾಜಸ್ಥಾನ 2019ರಲ್ಲಿ ನೀತಿಯನ್ನೇ ತಂದು, ಸಿಲಿಕೋಸಿಸ್ ಪ್ರಮಾಣಪತ್ರ ಸಿಕ್ಕವರಿಗೆ 3 ಲಕ್ಷ ರೂಪಾಯಿ, ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ ಕೊಡುವ ಏರ್ಪಾಡು ಮಾಡಿತು. ಕೋಲಾರದ ಪಾಠ ಕಣ್ಣೆದುರಿಗಿದ್ದ ಕರ್ನಾಟಕ ಈ ವಿಷಯದಲ್ಲಿ ಮುಂದಿರಬೇಕಿತ್ತು.

ಪಾವಗಡದ್ದು ಇನ್ನೊಂದು ಕಥೆ. ಫ್ಲೋರೈಡ್ ನೀರು ಕುಡಿದು ಬೆನ್ನು ಬಗ್ಗಿದವರು ಅಲ್ಲಿದ್ದಾರೆ. ಯಂತ್ರಕ್ಕೆ ವಯಸ್ಸು, ಗಂಡೋ ಹೆಣ್ಣೋ, ಎತ್ತರ ಎಷ್ಟು ಎಂದು ಕೊಟ್ಟರೆ ಅದು ‘ಇಷ್ಟು ಊದಬೇಕು’ ಎಂದು ಹೇಳುತ್ತದೆ. ಬೆನ್ನು ಬಗ್ಗಿದವರ ಎತ್ತರವನ್ನು ಹಾಗೇ ಬರೆದರೆ ಊದಬೇಕಾದ ಅಂಕಿಯೇ ಕುಗ್ಗಿ, ಕಾಯಿಲೆ ಮರೆಯಾಗುತ್ತದೆ. ಅಂಥವರಿಗೆ ಎರಡೂ ತೋಳು ಚಾಚಿಸಿ ಬೆರಳ ತುದಿಯಿಂದ ತುದಿಗೆ ಅಳೆಯಬೇಕು. ಕುಷ್ಠ, ಕ್ಷಯ ರೋಗಿಗಳಿಗಾಗಿ ದಶಕಗಳಿಂದ ದುಡಿಯುತ್ತಿರುವ ಸ್ವಾಮಿ ಜಪಾನಂದಜೀ ಅವರ ಶ್ರೀ ರಾಮಕೃಷ್ಣ ಸೇವಾಶ್ರಮವೂ ಇರುವುದು ಪಾವಗಡದಲ್ಲೇ. ಕ್ಷಯ ವಾಸಿಯಾದ ಮೇಲೂ ಎದೆಯಲ್ಲಿ ಗಾಯದ ಕಲೆ ಉಳಿಯುತ್ತದೆ, ಎಷ್ಟೋ ಜನರ ಉಸಿರು ಕುಗ್ಗಿಯೇ ಇರುತ್ತದೆ. ಸರ್ಕಾರದ ಕಡತ ಮಾತ್ರೆ ಮುಗಿದ ದಿನಕ್ಕೆ ಮುಚ್ಚುವ ಬದಲು, ಒಮ್ಮೆ ಊದಿಸಿದ ಮೇಲೆ ಮುಚ್ಚಲಿ.

ಹಣವಿಲ್ಲ, ತಜ್ಞರಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಲ್ಲಿ ಕೂತ ತಜ್ಞರು ಓದುವ ದಾರಿಯನ್ನು ಇದೇ ರಾಜ್ಯ ಕಂಡುಕೊಂಡಿದೆ. ಉಸಿರಿನ ನಕ್ಷೆಯೂ ಹಾಗೆಯೇ ಹೋಗಬಹುದು. ನಾಲ್ಕು ತಾಲ್ಲೂಕು ಆಸ್ಪತ್ರೆಗಳಿಗೆ ನಾಲ್ಕು ಯಂತ್ರ, ತರಬೇತಾದ ನಾಲ್ವರು, ಓದಲು ತುಮಕೂರಿನಲ್ಲೋ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲೋ ಒಬ್ಬ ವೈದ್ಯರು. ಅನುಮಾನ ಉಳಿದವರನ್ನಷ್ಟೇ ಹೀಲಿಯಂ ಪರೀಕ್ಷೆಗೆ ಕಳಿಸಿದರಾಯಿತು. ಜಿಲ್ಲಾ ಆಡಳಿತ ಇದನ್ನು ಕ್ವಾರಿಗಳಿರುವ ಹೋಬಳಿಗಳಿಂದ ಶುರು ಮಾಡಲಿ.

ಅಲ್ಲಿಯವರೆಗೆ, ಹತ್ತು ವರ್ಷಕ್ಕೂ ಮೇಲ್ಪಟ್ಟು ಧೂಳಿನಲ್ಲಿ, ಹೊಗೆಯಲ್ಲಿ ದುಡಿದವರು ವೈದ್ಯರನ್ನು ಬಾಯಿಬಿಟ್ಟು ಕೇಳಬೇಕು: ನನ್ನ ಉಸಿರು ಅಳೆಸುತ್ತೀರಾ ಎಂದು. ಕೆಮ್ಮು ಎರಡು ವಾರ ದಾಟಿದ್ದರೆ ಮೊದಲು ಕಫದ ಪರೀಕ್ಷೆಯಾಗಲಿ. ಊದಿದ ಮೇಲೆ ಸಿಕ್ಕ ಚೀಟಿಯನ್ನು ಎಸೆಯಬೇಡಿ, ರೇಷನ್ ಕಾರ್ಡಿನ ಜೊತೆಗಿಡಿ. ಆರೋಗ್ಯವಂತರಲ್ಲೂ ವಯಸ್ಸಿನೊಂದಿಗೆ ಮೊದಲ ಸೆಕೆಂಡಿನ ಗಾಳಿ ವರ್ಷಕ್ಕೆ ಸುಮಾರು 30 ಮಿಲಿಲೀಟರ್ ಇಳಿಯುತ್ತದೆ. ನಿಮ್ಮದು ಅದಕ್ಕಿಂತ ಬೇಗ ಇಳಿಯುತ್ತಿದೆಯೇ ಎಂದು ಮುಂದಿನ ವರ್ಷ ವೈದ್ಯರಿಗೆ ತಿಳಿಯಬೇಕಾದರೆ ಈ ವರ್ಷದ ಚೀಟಿ ಬೇಕು.