ನಕ್ಷೆ ನಿಮ್ಮ ಕೈಯಲ್ಲಿ, ನೀರು ನಮ್ಮ ಮನೆಯಲ್ಲಿ

ವರದಾ ನದಿ ಉಕ್ಕಿದರೆ ಸಾಕು, ಅಧಿಕಾರಿಗಳ ಬಾಯಲ್ಲಿ ಒಂದೇ ಮಾತು: ಪ್ರಕೃತಿ ವಿಕೋಪ. ಯಾವ ಪ್ರಕೃತಿ ಸ್ವಾಮಿ? ಹಳ್ಳ ಮುಚ್ಚಿ ಸೈಟು ಮಾಡಿದ್ದು ಪ್ರಕೃತಿಯೇ? ಕೆರೆಯಂಗಳಕ್ಕೆ ಉತಾರ ಬರೆದುಕೊಟ್ಟದ್ದು ಮಳೆರಾಯನೇ? ನದಿಯ ಒಡಲು ಬಗೆದ ಮರಳಿನ ಟಿಪ್ಪರ್‌ಗೆ ದಾರಿ ಬಿಟ್ಟವರು ಯಾರು?

2019ರ ಆಗಸ್ಟ್ ಮರೆತಿರಾ? ಹಾನಗಲ್ಲು, ಸವಣೂರಿನ ದಂಡೆಯ ಊರುಗಳಿಗೆ ನೀರು ನುಗ್ಗಿತು. ಗೋವಿನಜೋಳ ನಿಂತಲ್ಲೇ ಕೊಳೆಯಿತು. ಮಣ್ಣಿನ ಗೋಡೆಗಳು ಕುಸಿದವು. ಆಮೇಲೆ ನೀವು ಮಾಡಿದ್ದೇನು? ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದಿರಿ. ಪೂರ್ತಿ ಬಿದ್ದರೆ 5 ಲಕ್ಷ ಅಂದಿರಿ. ನೀರು ಯಾಕೆ ಬಂತು ಎಂದು ಯಾರು ಕೇಳಿದಿರಿ?

ಗೊತ್ತಿರಲಿಲ್ಲ ಅನ್ನಬೇಡಿ. ವಿಶ್ವಬ್ಯಾಂಕಿನ ಸಾಲದಲ್ಲಿ 2001ರಲ್ಲಿ ಸುಜಲ ಜಲಾನಯನ ಯೋಜನೆ ಶುರುವಾದಾಗ, ಆರಿಸಿದ ಐದೇ ಜಿಲ್ಲೆಗಳಲ್ಲಿ ನಮ್ಮ ಹಾವೇರಿಯೂ ಒಂದು. ಉಪಗ್ರಹದಿಂದ ನೆಲ ನೋಡಿದಿರಿ. ಇವತ್ತು ಮಳೆ, ಇಳಿಜಾರು, ಮಣ್ಣು, ಬೆಳೆಯ ಲೆಕ್ಕ ಕೊಟ್ಟರೆ ಕಂಪ್ಯೂಟರ್ ಮಾದರಿ ಹೇಳುತ್ತದೆ: ಯಾವ ಹಳ್ಳಕ್ಕೆ ಎಷ್ಟು ತಾಸಿಗೆ ಎಷ್ಟು ನೀರು. ಶಿಗ್ಗಾವಿಯ ಮಡ್ಡಿಯಲ್ಲಿ ಒಡ್ಡು ಹಾಕಿದರೆ, ಗುಡ್ಡದ ಮೇಲೆ ಗಿಡ ಉಳಿದರೆ, ಹಾನಗಲ್ಲಿನ ಕೆರೆಗಳ ಹೂಳು ತೆಗೆದರೆ ಆ ರಭಸ ಎಷ್ಟು ತಗ್ಗುತ್ತದೆಂದೂ ಹೇಳುತ್ತದೆ. ಆದರೂ ಕಾಂಕ್ರೀಟ್ ತಡೆಗೋಡೆಯ ಮೇಲೇ ಯಾಕೆ ಕಣ್ಣು? ಗೋಡೆಗೆ ದೊಡ್ಡ ಬಿಲ್ಲಾಗುತ್ತದೆ. ಹುಲ್ಲಿನ ಬೇರಿಗೆ ಆಗುವುದಿಲ್ಲ.

ವರದೆ ಹುಟ್ಟುವುದು ಸಾಗರದ ವರದಾಮೂಲದಲ್ಲಿ. ಸೊರಬ, ಬನವಾಸಿ ದಾಟಿ ಹಾನಗಲ್ಲಿಗೆ ಬರುತ್ತಾಳೆ. ಮೇಲೆ ಕಾಡು ಬೋಳಾದರೆ ಕೆಳಗೆ ಮನೆ ಬೀಳುತ್ತದೆ. ಶಿವಮೊಗ್ಗ, ಉತ್ತರ ಕನ್ನಡ, ಹಾವೇರಿಯ ಅಧಿಕಾರಿಗಳು ಈ ಒಂದು ನದಿಗಾಗಿ ಒಟ್ಟಿಗೆ ಕೂರುವುದು ಯಾವಾಗ?

ನಮ್ಮ ಜಿಲ್ಲೆಗೆ ಅಧಿಕಾರಕ್ಕೂ ಬರವಿರಲಿಲ್ಲ. ಶಿಗ್ಗಾವಿ ಜಲಸಂಪನ್ಮೂಲ ಸಚಿವರನ್ನು ಕೊಟ್ಟಿತು. ಅವರೇ ಮುಖ್ಯಮಂತ್ರಿಯೂ ಆದರು. ಹಿರೇಕೆರೂರು ಕೃಷಿ ಸಚಿವರನ್ನು ಕೊಟ್ಟಿತು. ಜಲಾನಯನ ಇಲಾಖೆ ಅವರ ಕೈಕೆಳಗೇ ಇತ್ತು. ನಮ್ಮ ಹಳ್ಳಗಳಿಗೆ ಏನು ದಕ್ಕಿತು? ವಿಜಯನಗರದ ಕಾಲದಲ್ಲಿ ಗುಡ್ಡಗಳ ನಡುವೆ ಕುಮುದ್ವತಿ ನದಿಗೆ ಏರಿ ಕಟ್ಟಿ ಮದಗದ ಕೆರೆ ಮಾಡಿದವರಿದ್ದ ಸೀಮೆ ಇದು!

2014ರ ಕೆರೆ ಸಂರಕ್ಷಣೆ ಕಾಯ್ದೆ ಕೆರೆಯ ಸುತ್ತ 30 ಮೀಟರ್ ಬಿಡಿ ಅಂದಿತ್ತು. 2025ರಲ್ಲಿ ವಿಧಾನಸಭೆ ಅದನ್ನೂ ಕತ್ತರಿಸುವ ತಿದ್ದುಪಡಿ ಒಪ್ಪಿತು. ಕೆರೆ ಸಣ್ಣದಾದಷ್ಟೂ ಅಂಚು ಕಿರಿದಂತೆ. ನಮ್ಮ ಊರುಕೆರೆಗಳೆಲ್ಲ ಸಣ್ಣವೇ. ಇದು ಯಾರ ಅನುಕೂಲಕ್ಕೆ? ಇನ್ನೊಂದೆಡೆ, ಮಳೆಗಾಲದಲ್ಲಿ ವರದೆಯ ನೀರನ್ನೇ ಹಿಡಿಯಲಾರದವರು ಬೇಡ್ತಿ ನದಿಯನ್ನೂ ಅವಳಿಗೆ ತಿರುಗಿಸಲು ಹೊರಟಿದ್ದಾರೆ. ನಾಚಿಕೆ ಬೇಡವೇ?

ಊರಿನವರೇ, ನೀವೂ ಕೇಳಿ. ಕೆರೆಯಂಚು ಉಳುವವನು ಬಲಾಢ್ಯ ಎಂದು ಎಷ್ಟು ದಿನ ಬಾಯಿ ಮುಚ್ಚಿರುತ್ತೀರಿ? ಅವನ ಹೊಲ ಬೆಳೆಯಿತು, ನಿಮ್ಮ ಗೋಡೆ ಬಿತ್ತು. ಮುಂದಿನ ಗ್ರಾಮಸಭೆಗೆ ಕೆರೆಯ ಸರ್ವೆ ನಕ್ಷೆ ತರಿಸಿ. ಒತ್ತುವರಿ ಎಷ್ಟು, ಯಾರದು ಎಂದು ಗಟ್ಟಿಯಾಗಿ ಓದಿಸಿ. ಓದುವವರೆಗೆ ಯಾವ ಠರಾವಿಗೂ ಸಹಿ ಹಾಕಬೇಡಿ.