ಸೋಲಬಾರದ ನಾಯಕ

ಭಾರತೀಯ ವಿಡಿಯೊ ಗೇಮ್ ಎಂದರೆ ಪುರಾಣದ ಗೇಮ್ ಎಂದು ಯಾರು ಯಾವಾಗ ತೀರ್ಮಾನಿಸಿದರೋ, ಈಗ ಅದನ್ನು ಪ್ರಶ್ನಿಸುವವರು ಕಡಿಮೆ. 2020ರ ಆಗಸ್ಟ್ 30ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಭಾರತದಲ್ಲೇ, ಭಾರತದ ಬಗ್ಗೆಯೇ ಗೇಮ್ ಮಾಡಿ ಎಂದು ಯುವಕರಿಗೆ ಕರೆ ಕೊಟ್ಟರು. ಮೂರೇ ದಿನಕ್ಕೆ ಪಬ್‌ಜಿ ಸೇರಿ 118 ಆ್ಯಪ್‌ಗಳು ನಿಷೇಧವಾದವು. 2024ರ ಆಗಸ್ಟ್‌ನಲ್ಲಿ ಚೀನಾದ ವಾನರರಾಜನ ಕುರಿತ ಗೇಮ್ ‘ಬ್ಲ್ಯಾಕ್ ಮಿಥ್: ವುಕಾಂಗ್’ ಮೂರು ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾದ ಮೇಲಂತೂ, ಅವರ ಕೋತಿಯೇ ಇಷ್ಟು ದುಡಿದರೆ ನಮ್ಮ ಹನುಮಂತ ಎಷ್ಟು ದುಡಿಯಬೇಡ ಎಂಬ ಲೆಕ್ಕ ಶುರುವಾಯಿತು. 2025ರ ಮೇ ಮೊದಲ ವಾರ ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಜಿಯೋ ವರ್ಲ್ಡ್ ಸೆಂಟರ್‌ನಲ್ಲಿ ನಡೆದ ‘ವೇವ್ಸ್’ ಮನರಂಜನಾ ಸಮ್ಮೇಳನದ ಸುತ್ತ ಇದೇ ಉತ್ಸಾಹ. ಗೋರೆಗಾಂವ್‌ನ ಫಿಲ್ಮ್ ಸಿಟಿಗೆ 400 ಕೋಟಿ ರೂಪಾಯಿಯ ಒಂದು ಸೃಜನಶೀಲ ತಂತ್ರಜ್ಞಾನ ಸಂಸ್ಥೆಯೂ ಬರಲಿದೆ. ಅಮೀಶ್ ತ್ರಿಪಾಠಿ, ಅಮಿತಾಭ್ ಬಚ್ಚನ್ ಅಂಥವರೇ ಪುರಾಣ ಮೂಲದ ಗೇಮಿಗೆ ಕೈಹಾಕಿದ್ದಾರೆ.

ಹಣ ಬರುವುದಕ್ಕೆ ನನ್ನ ತಕರಾರಿಲ್ಲ. ಈ ಉತ್ಸಾಹದ ಬಾಲಕ್ಕೆ ಅಂಟಿಕೊಂಡು ಬರುವ ಇನ್ನೊಂದು ಮಾತಿಗೆ ಇದೆ. ಮುಲುಂಡಿನಲ್ಲೋ ಡೊಂಬಿವಿಲಿಯಲ್ಲೋ ಕೋಣೆಯ ಬಾಗಿಲು ಹಾಕಿಕೊಂಡು ವೈಜ್ಞಾನಿಕ ಕಲ್ಪನೆಯ ‘ಮಾಸ್ ಎಫೆಕ್ಟ್’, ‘ಸೈಬರ್‌ಪಂಕ್’ ಆಡುವ ಹುಡುಗ ಹುಡುಗಿಯರು ಬೇರು ಕಳಚಿಕೊಂಡವರಂತೆ; ರಾಕ್ಷಸ, ಮಂತ್ರ, ದಿವ್ಯಾಸ್ತ್ರ ಎಲ್ಲ ನಮ್ಮಲ್ಲೇ ಇರುವಾಗ ಇವರಿಗೆ ರಾಕೆಟ್ಟು, ರೋಬಾಟು ಯಾಕೆ ಬೇಕಂತೆ. (ಲೋಕಲ್ ರೈಲಿನಲ್ಲಿ ಬಗ್ಗಿ ನೋಡಿದರೆ ಬಹಳಷ್ಟು ಮಂದಿ ಆಡುವುದು ಲೂಡೋ ಮತ್ತು ಪಬ್‌ಜಿಯ ಭಾರತೀಯ ಅವತಾರವಾದ ಬಿಜಿಎಂಐ. ಆದರೆ ಬೈಗುಳ ತಿನ್ನುವ ಸರದಿ ಬಂದಾಗ ಮುಂದೆ ನಿಲ್ಲಬೇಕಾದವರು ಈ ಅಲ್ಪಸಂಖ್ಯಾತರೇ.) ಇವರ ಆಯ್ಕೆಗೆ ಕಾರಣವಿದೆ. ಆ ಕಾರಣವನ್ನು ಒದಗಿಸಿಕೊಟ್ಟವರು ಹಿರಿಯರಾದ ನಾವೇ.

ಗೇಮಿನ ಮೂಲ ನಿಯಮ ಸೋಲು. ಆಡುವವನು ಹಳ್ಳಕ್ಕೆ ಬೀಳುತ್ತಾನೆ, ಏಟು ತಿನ್ನುತ್ತಾನೆ, ಸಾಯುತ್ತಾನೆ, ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ. ಪಶ್ಚಿಮದ ಫ್ಯಾಂಟಸಿಗೆ ಇದರಿಂದ ಏನೂ ತೊಂದರೆಯಿಲ್ಲ. ಎಲ್ಫ್‌ಗಳಿಗೆ ಯಾರೂ ಗುಡಿ ಕಟ್ಟಿಲ್ಲ, ಓರ್ಕ್‌ಗಳಿಗೆ ಯಾರೂ ಹರಕೆ ಹೊತ್ತಿಲ್ಲ. ನಮ್ಮಲ್ಲಿ ಫ್ಯಾಂಟಸಿಯ ಸಾಮಗ್ರಿಯೆಲ್ಲ ದೇವರ ಕೋಣೆಯಲ್ಲೇ ಇದೆ. 2009ರಲ್ಲಿ ಸೋನಿ ಕಂಪನಿ ಪ್ಲೇಸ್ಟೇಷನ್ 2ಕ್ಕೆ ‘ಹನುಮಾನ್: ಬಾಯ್ ವಾರಿಯರ್’ ತಂದಿತು. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಮಾಡಿದ ಗೇಮ್ ಅದು. ಆಗ ಅಮೆರಿಕದಲ್ಲಿ ನೆಲೆಸಿರುವ ಹಿಂದೂ ಧಾರ್ಮಿಕ ಮುಖಂಡ ರಾಜನ್ ಝೆಡ್, ಭಕ್ತರು ಪೂಜಿಸುವ ದೇವರನ್ನು ಜಾಯ್‌ಸ್ಟಿಕ್ಕಿನಿಂದ ಆಡಿಸುವುದು ಅಪಚಾರ ಎಂದು ಪ್ರತಿಭಟಿಸಿದರು. 2012ರಲ್ಲಿ ‘ಸ್ಮೈಟ್’ ಗೇಮಿನ ಕಾಳಿಯ ಬಗ್ಗೆಯೂ ಅವರದು ಅಂಥದ್ದೇ ಆಕ್ಷೇಪ. ಝೆಡ್ ಅವರ ಮಾತನ್ನು ನಗಾಡಿ ತಳ್ಳಿಹಾಕಲಾರೆ. ಕೈ ಪಳಗದ ಎಂಟು ವರ್ಷದ ಹುಡುಗನ ಕೈಯಲ್ಲಿ ಹನುಮಂತ ಒಂದೇ ಕಂದಕಕ್ಕೆ ಇಪ್ಪತ್ತು ಸಲ ಬೀಳುತ್ತಾನೆ. ಭಕ್ತನಿಗೆ ಅದು ಸಂಕಟವೇ. ಅವರ ತರ್ಕವನ್ನು ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆಯನ್ನೂ ಒಪ್ಪಬೇಕಾಗುತ್ತದೆ: ದೇವರು ನಾಯಕನಾಗಿರುವ ಕಡೆ ಆಟ ಆಟವಾಗಿ ಉಳಿಯುವುದು ಕಷ್ಟ.

ಜಾಣರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ನೋಡಿ. ದುರ್ಗೆ ಆಯುಧ ಕೊಡುತ್ತಾಳೆ, ವಿಷ್ಣುವಿನ ಜೊತೆ ಕೂತು ಕಥೆ ಹೇಳುತ್ತಾಳೆ. ಬೀಳುವುದು, ಏಳುವುದು, ಕಳೆದುಹೋದ ತಮ್ಮನಿಗಾಗಿ ಅಲೆಯುವುದು ಎಲ್ಲ ಸರ್ಕಸ್ಸಿನ ಹುಡುಗಿ ರಾಜಿಯ ಪಾಲು. ಕಣ್ಣಿಗೆ ಹಬ್ಬವಾಗುವ ಗೇಮ್ ಅದು, ನನಗೆ ಇಷ್ಟವೂ ಹೌದು. ಆದರೆ ಪ್ರತಿ ಸ್ಟುಡಿಯೊ ಇದೇ ಉಪಾಯಕ್ಕೆ ಜೋತುಬಿದ್ದರೆ ಪುರಾಣವೆಂಬುದು ಬರೀ ಹಿನ್ನೆಲೆಯ ಪರದೆಯಾಗುತ್ತದೆ. ಪರದೆ ಎಷ್ಟು ಚೆಂದವಿದ್ದರೂ ಅದರ ಜೊತೆ ಆಡಲಾಗುವುದಿಲ್ಲ.

ವೈಜ್ಞಾನಿಕ ಕಲ್ಪನೆಯಲ್ಲಿ ಈ ಭಯ ಕಡಿಮೆ, ಪೂರ್ತಿ ಇಲ್ಲವೆನ್ನುವಂತಿಲ್ಲ. ಅಣುಯುದ್ಧದ ನಂತರದ ಅಮೆರಿಕದಲ್ಲಿ ನಡೆಯುವ ‘ಫಾಲ್‌ಔಟ್ 3’ ಅನ್ನು 2008ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡುವುದಿಲ್ಲ ಎಂದು ಮೈಕ್ರೋಸಾಫ್ಟ್ ಘೋಷಿಸಿತು. ಕೊಟ್ಟ ಕಾರಣ ಸಾಂಸ್ಕೃತಿಕ ಸೂಕ್ಷ್ಮತೆ ಎಂದಷ್ಟೇ. ವಿಕಿರಣಕ್ಕೆ ಸಿಕ್ಕು ಎರಡು ತಲೆ ಬಂದ ಹಸುಗಳಿಗೆ ಆ ಗೇಮಿನಲ್ಲಿ ‘ಬ್ರಾಹ್ಮಿನ್’ ಎಂದು ಹೆಸರಿತ್ತು. ಊಹೆಯೆಲ್ಲ ಅತ್ತಲೇ ಹರಿಯಿತು. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳಿದ ಗೇಮಿನ ನಕಲಿ ಡಿಸ್ಕ್ ಸಿಗದೆ ಯಾರೂ ಬರಿಗೈಲಿ ಮರಳದಿದ್ದ ಕಾಲವದು, ಹಾಗಾಗಿ ಆಡುವವರಿಗೆ ಆದ ನಷ್ಟ ಅಷ್ಟಕ್ಕಷ್ಟೇ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫ್ಯಾಂಟಸಿಯ ಲೋಕದಲ್ಲಿ ಶಕ್ತಿ ಬಹುಮಟ್ಟಿಗೆ ಹುಟ್ಟಿನಿಂದ ಬರುತ್ತದೆ. ಒಂದು ಕುಲಕ್ಕೆ ಬಿಲ್ಲು, ಒಂದು ಕುಲಕ್ಕೆ ಕೊಡಲಿ, ಒಂದು ಕುಲಕ್ಕೆ ಬರೀ ದಡ್ಡತನ. ರಾಜನ ರಕ್ತವಿದ್ದವನಿಗೇ ಕತ್ತಿ ಹೊಳೆಯುತ್ತದೆ. ಈ ಪರಂಪರೆಗೆ ತಾಯಿಬೇರಿನಂತಿರುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನವರೇ ‘ರೇಸ್’ ಎಂಬ ಮಾತನ್ನು ಕೈಬಿಡುವುದಾಗಿ 2022ರಲ್ಲಿ ಹೇಳಬೇಕಾಯಿತು. ಜಾತಿಯ ದೇಶದಲ್ಲಿ ಹುಟ್ಟಿದವನಿಗೆ ಈ ಲೋಕ ಎಲ್ಲೋ ನೋಡಿದಂತಿರುತ್ತದೆ, ಅದೂ ಹಿತವಾದ ರೀತಿಯಲ್ಲಿ ಅಲ್ಲ. ಪಂಪನ ಕರ್ಣ ಕುಲದ ಮಾತೆತ್ತಿದವರಿಗೆ ಸಾವಿರ ವರ್ಷಗಳ ಹಿಂದೆಯೇ ಉತ್ತರ ಕೊಟ್ಟಾಗಿದೆ. ನಮ್ಮ ಪುರಾಣದ ಗೇಮಿಗೆ ದುಡ್ಡು ಹಾಕುವವರಿಗೆ ಆ ಕರ್ಣ ಬೇಡ, ಕವಚ ಕುಂಡಲ ಸಾಕು.

ಮುಂಬಯಿಯಾದರೂ ಊರಿನ ಹಣೆಪಟ್ಟಿ ಕಳಚಿಟ್ಟು ಬಂದವರು ಕಟ್ಟಿದ ನಗರ. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದರು. ಅವರ ಮೊಮ್ಮಕ್ಕಳಿಗೆ ‘ಮಾಸ್ ಎಫೆಕ್ಟ್’ನ ಶೆಪರ್ಡ್ ಹತ್ತಿರವಾದರೆ ಅಚ್ಚರಿಯೇನು? ಶೆಪರ್ಡ್ ಗಂಡೋ ಹೆಣ್ಣೋ, ಹಡಗಿನಲ್ಲಿ ಬೆಳೆದದ್ದೋ ಭೂಮಿಯ ಬೀದಿಯಲ್ಲಿ ಬೆಳೆದದ್ದೋ ಎಂಬುದನ್ನೆಲ್ಲ ಆಡುವವರೇ ಆರಿಸುತ್ತಾರೆ. ‘ಸ್ಟಾರ್ ವಾರ್ಸ್’ ಕೂಡ ಕೊನೆಗೆ ವಂಶಾವಳಿಯ ಕಥೆಯೇ ಎಂದು ಯಾರಾದರೂ ಕೆಣಕಬಹುದು. ನಿಜ, ಆದ್ದರಿಂದಲೇ ನಾನು ಅದನ್ನು ಬಾಹ್ಯಾಕಾಶದ ಪುರಾಣ ಎಂದೇ ಎಣಿಸುತ್ತೇನೆ. ‘ಸೈಬರ್‌ಪಂಕ್ 2077’ರ ನೈಟ್ ಸಿಟಿಗೆ ಬಂದರೆ ನಮ್ಮವರಿಗೆ ನಕ್ಷೆಯೇ ಬೇಡ. ಕಂಪನಿಗಳ ಗೋಪುರ, ಅದರ ಬುಡದಲ್ಲಿ ಇಕ್ಕಟ್ಟಿನ ಬಿಡಾರ, ಎಲ್ಲಕ್ಕೂ ಮೇಲೆ ಜಾಹೀರಾತು. ವರ್ಲಿಯ ಚಾಳಿನ ಕಿಟಕಿಯಿಂದ ಕಾಣುವುದು ಇದೇ, ಧಾರಾವಿ ತನ್ನ ಪುನರಭಿವೃದ್ಧಿಯ ನಕ್ಷೆಗಳಲ್ಲಿ ಕಾಣುತ್ತಿರುವುದೂ ಇದೇ. ಆ ಗೇಮಿನಲ್ಲಿ ಪೂರ್ತಿ ಗೆಲುವು ಎಂಬ ಮುಕ್ತಾಯವೇ ಇಲ್ಲ. ಕೊಳೆಗೇರಿ ಪುನರ್ವಸತಿಯ (ಎಸ್‌ಆರ್‌ಎ) ಕಟ್ಟಡದ ಕೀಲಿಗಾಗಿ ವರ್ಷಗಟ್ಟಲೆ ಕಾದ ಮನೆಯವರಿಗೆ ಅದು ಅಸಹಜವೆನಿಸುವುದಿಲ್ಲ.

ಬಾಲಿವುಡ್ಡಿಗೇ ಈ ಗುಟ್ಟು ಒಮ್ಮೆ ಹೊಳೆದಿತ್ತು. 2011ರ ‘ರಾ.ಒನ್’ ಸಿನಿಮಾದಲ್ಲಿ ಮಗನಿಗೆ ನಾಯಕ ಬೇಜಾರು, ಸೋಲದ ಖಳ ಬೇಕು. ಗೇಮ್ ಮಾಡುವ ಅಪ್ಪ ರಾವಣನ ಹೆಸರಿನ ನೆರಳಿರುವ ಖಳನನ್ನು ಮಾಡಿಕೊಡುತ್ತಾನೆ. ಸಿನಿಮಾ ಹೇಗೇ ಇರಲಿ, ಆ ಹುಡುಗ ಕೇಳಿದ್ದು ಸರಿಯಾಗಿತ್ತು. ರಾವಣನಿಗೆ ತಂತಿ, ಚಿಪ್ ಜೋಡಿಸಿದ ಮೇಲಷ್ಟೇ ಅವನನ್ನು ಮೆಚ್ಚುವ ಸ್ವಾತಂತ್ರ್ಯ ಮಗುವಿಗೆ ಸಿಕ್ಕಿತು.

ಪುರಾಣವನ್ನು ನಾನು ಹೀಗಳೆಯುತ್ತಿದ್ದೇನೆ ಎನ್ನುವವರು ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ ಮಳೆಗಾಲದಲ್ಲಿ ಮಾಹಿಮ್‌ನ ಕರ್ನಾಟಕ ಸಂಘಕ್ಕೋ, ಕುರ್ಲಾದ ಬಂಟರ ಭವನಕ್ಕೋ, ಸಾಂತಾಕ್ರೂಜ್‌ನ ಬಿಲ್ಲವ ಭವನಕ್ಕೋ ಬಂದು, ವೇಷವಿಲ್ಲದೆ ಮಾತಿನಲ್ಲೇ ಪ್ರಸಂಗ ನಡೆಸುವ ಒಂದು ತಾಳಮದ್ದಳೆಗೆ ಕೂರಲಿ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಎಂದು ವಾಲಿ ರಾಮನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಅರ್ಥಧಾರಿ ಗಟ್ಟಿಗನಾಗಿದ್ದರೆ ಆ ಇರುಳು ರಾಮ ಬೆವರುತ್ತಾನೆ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರನ್ನು ಕೇಳಲೆಂದೇ ಜನ ಸೇರುತ್ತಿದ್ದರು. ಪ್ರಸಂಗದ ಕೊನೆ ಮೊದಲೇ ಗೊತ್ತು, ಪದ್ಯ ಮೊದಲೇ ಬರೆದಿದೆ, ಆದರೂ ನಡುವಿನ ಹಾದಿಯಲ್ಲಿ ಯಾರ ಮಾತು ಮೇಲಾಗುತ್ತದೆ ಎಂಬುದು ಆ ಹೊತ್ತಿಗೇ ತೀರ್ಮಾನವಾಗಬೇಕು. ಒಳ್ಳೆಯ ಗೇಮಿಗೆ ಬೇಕಾದದ್ದು ಇದೇ ಅಲ್ಲವೇ? ‘ವುಕಾಂಗ್’ ಮಾಡಿದವರಿಗೆ ಇದು ಗೊತ್ತಿತ್ತು: ಗೇಮ್ ಶುರುವಾಗುವುದೇ ವುಕಾಂಗ್ ಸೋತು ಕಲ್ಲಾಗುವುದರಿಂದ. ಅದರ ಮಾರಾಟದ ಅಂಕಿ ಉರು ಹೊಡೆದ ನಮ್ಮವರು ಆ ಮೊದಲ ದೃಶ್ಯ ನೋಡಿದಂತಿಲ್ಲ.

ಹಾಗೆಂದು ರಾಕೆಟ್ ತೋರಿಸಿದ ಮಾತ್ರಕ್ಕೆ ಕಲ್ಪನೆ ಬೆಳೆಯುವುದಿಲ್ಲ. ಪುಣೆಯ ಸೂಪರ್‌ಗೇಮಿಂಗ್ 2024ರ ಅಕ್ಟೋಬರ್‌ನಲ್ಲಿ ತಂದ ‘ಇಂಡಸ್’ ಭಾರತೀಯ ಭವಿಷ್ಯವಾದ ಎಂದು ಹೇಳಿಕೊಂಡಿತು. ಬೇರೆ ಗ್ರಹವಿದೆ, ಯಕ್ಷರಿದ್ದಾರೆ. ಆಡಲು ಕೂತರೆ ಅದೇ ಪಬ್‌ಜಿ ಮಾದರಿಯ ಗುಂಡಿನ ಕಾಳಗ. ಆಕಾಶಕ್ಕೆ ಹೋದರೂ ದೇವಲೋಕದ ಒಡವೆ ಹೊತ್ತೇ ಹೋಗಬೇಕೆಂಬ ಹಟ ನಮ್ಮದು.

ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1972ರಿಂದ ಹದಿನೇಳು ವರ್ಷ ಇದ್ದ ಜಯಂತ ನಾರ್ಳಿಕರ್ ವಿಶ್ವದ ಲೆಕ್ಕ ಹಾಕುತ್ತಲೇ ಮರಾಠಿಯಲ್ಲಿ ವಿಜ್ಞಾನ ಕಥೆ ಬರೆದವರು. ಅವರ ಒಂದು ಕಥೆಯಲ್ಲಿ ಹಿಮಯುಗ ಮರಳಿ ಬಂದು ಮುಂಬಯಿಯಲ್ಲೇ ಹಿಮ ಸುರಿಯುತ್ತದೆ. ಚರ್ಚ್‌ಗೇಟಿನ ಹಳಿ ಹೂತುಹೋದ ಮುಂಬಯಿ, ಹೆಪ್ಪುಗಟ್ಟಿದ ಥಾಣೆ ಕೊಲ್ಲಿ, ವಿಜ್ಞಾನಿಯ ಮಾತನ್ನು ಮೊದಲಿಗೆ ಕಿವಿಗೆ ಹಾಕಿಕೊಳ್ಳದ ದೊಡ್ಡವರು — ಗೇಮಿಗೆ ಇನ್ನೇನು ಬೇಕು? ವೇವ್ಸ್ ಮುಗಿದು ಮೂರು ವಾರ ತುಂಬುವ ಮೊದಲೇ, 2025ರ ಮೇ 20ರಂದು, ನಾರ್ಳಿಕರ್ ಪುಣೆಯಲ್ಲಿ ತೀರಿಕೊಂಡರು. ಗೋರೆಗಾಂವ್‌ನ ಆ 400 ಕೋಟಿಯಲ್ಲಿ ಹಿಮ ಬಿದ್ದ ಮುಂಬಯಿಗೂ ಒಂದು ಪಾಲಿರಲಿ. ಅದು ಎಷ್ಟು ಭಾರತೀಯ ಎಂದು ಕೇಳುವ ಅಧಿಕಾರಿಯನ್ನು ಮೊದಲು ಆ ಕಥೆ ಓದಲು ಕೂರಿಸಿ.