ಈ ಸಲ ಹೊಸ ಜೆರ್ಸಿ ಇಲ್ಲ

1/8

"ಕ್ಯಾಪ್ಟನ್, ಜೆರ್ಸಿ ರಿವೀಲ್ ಯಾವಾಗ?"

ಎರಡು ವಾರದಿಂದ ಡಿಎಂ ತುಂಬಾ ಇದೇ ಪ್ರಶ್ನೆ. ಕ್ಲಾಸ್‌ನಲ್ಲೂ ಇದೇ, ಕ್ಯಾಂಟೀನ್‌ನಲ್ಲೂ ಇದೇ. ಹೋದ ವರ್ಷ ನಾವು ಹಾಕಿದ ಜೆರ್ಸಿ ಫೋಟೋಗೆ ಬಿದ್ದಷ್ಟು ಲೈಕ್ ಈ ಪೇಜ್‌ನಲ್ಲಿ ಬೇರೆ ಯಾವುದಕ್ಕೂ ಬಿದ್ದಿಲ್ಲ. ಹಾಗಾಗಿ ನೀವು ಕೇಳೋದು ಸಹಜ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಈ ಸಲ ಹೊಸ ಜೆರ್ಸಿ ಇಲ್ಲ. ಹೋದ ವರ್ಷದ್ದನ್ನೇ ಒಗೆದು ಹಾಕ್ಕೋತೀವಿ.

"ಸ್ಪಾನ್ಸರ್ ಸಿಗಲಿಲ್ವಾ?" ಅಂತ ಕೇಳ್ಬೇಡಿ. ದುಡ್ಡಿದೆ. ಹೋದ ವರ್ಷದಷ್ಟೇ ಇದೆ. ಅದನ್ನ ಜೆರ್ಸಿಗೆ ಹಾಕೋದು ತಪ್ಪು ಅಂತ ನನಗನ್ನಿಸಿದೆ. ಯಾಕೆ ಅಂತ ಈ ಎಂಟು ಪೋಸ್ಟ್‌ಗಳಲ್ಲಿ ಬರೀತಿದ್ದೀನಿ. ನೀವು ಫುಟ್‌ಬಾಲ್ ಆಡದಿದ್ದರೂ ಪರವಾಗಿಲ್ಲ. ಕಬಡ್ಡಿ, ವಾಲಿಬಾಲ್, ಕೊನೆಗೆ ಸಂಡೇ ಟೆನಿಸ್ ಬಾಲ್ ಕ್ರಿಕೆಟ್ ಆಡಿದರೂ ಇದು ನಿಮಗೆ ಸಂಬಂಧಪಟ್ಟದ್ದೇ.

2/8

ಈ ಫೋಟೋ ನೆನಪಿದೆಯಾ? ಅದೇ, ಹೋದ ವರ್ಷದ್ದು. ಹನ್ನೆರಡು ಜನ, ಮಿರಿಮಿರಿ ಮಿಂಚೋ ಜೆರ್ಸಿ, ಬೆನ್ನ ಮೇಲೆ ಹೆಸರು. ಎಡದಿಂದ ಎರಡನೆಯವನು ನಮ್ಮ ರೈಟ್ ಬ್ಯಾಕ್. ಹೆಸರು ಹಾಕಲ್ಲ. ಕ್ಲಾಸ್‌ಮೇಟ್ಸ್‌ಗೆ ಗೊತ್ತು, ಉಳಿದವರಿಗೆ ಬೇಡ. ಈ ಪೋಸ್ಟ್ ಹಾಕೋಕೆ ಅವನನ್ನ ಕೇಳಿದೆ. "ಹಾಕು, ಆದ್ರೆ ಅಯ್ಯೋ ಪಾಪ ಅಂತ ಮಾತ್ರ ಬರೀಬೇಡ" ಅಂದ.

ಸರಿ, ಬರೆಯಲ್ಲ. ನಡೆದಿದ್ದನ್ನಷ್ಟೇ ಬರೀತೀನಿ.

ಸೀಸನ್‌ನ ಮೊದಲ ಪಂದ್ಯ. ಕಿಕ್ ಆಫ್‌ಗೆ ನಲವತ್ತು ನಿಮಿಷ ಮುಂಚೆ ಗ್ರೌಂಡ್ ತಲುಪಿದ್ವಿ. ಆ ನಲವತ್ತರಲ್ಲಿ ಮೂವತ್ತು ನಿಮಿಷ ಈ ಫೋಟೋಗೆ ಹೋಯ್ತು. ಬಿಸಿಲು ಎದುರಿಗಿದೆ, ಆ ಕಡೆ ತಿರುಗಿ, ಕೈ ಕಟ್ಟಿ, ಈಗ ನಗಬೇಡಿ, ಈಗ ನಗಿ. ಉಳಿದ ಹತ್ತು ನಿಮಿಷದಲ್ಲಿ ಬೂಟ್ ಕಟ್ಟಿ, ಗೋಲಿಗೆ ನಾಲ್ಕು ಶಾಟ್ ಹೊಡೆದು ಒಳಗಿಳಿದ್ವಿ. ಅದೇ ನಮ್ಮ ವಾರ್ಮ್ ಅಪ್.

ಇಪ್ಪತ್ತಮೂರನೇ ನಿಮಿಷ. ಅವನ ಹತ್ತಿರ ಯಾರೂ ಇರಲಿಲ್ಲ. ಯಾರೂ ಮುಟ್ಟಲಿಲ್ಲ. ಬಾಲ್ ಹಿಂದೆ ಹೋಯ್ತು, ಅವನು ಗಕ್ಕನೆ ತಿರುಗಿದ, ಬಿದ್ದ. "ಒಳಗೆ ಟಕ್ ಅಂತು ಕಣೋ" ಅಂದ. ಒಬ್ಬ ಕಾಲು ಹಿಡಿದು ಎಳೆದ. ಇನ್ನೊಬ್ಬ ಸ್ಪ್ರೇ ಹೊಡೆದ. ಮತ್ತೊಬ್ಬ "ಏನಾಗಲ್ಲ, ಎದ್ದು ಓಡಾಡು" ಅಂದ. ಐಸ್ ಇರಲಿಲ್ಲ. ಸುತ್ತೋಕೆ ಕ್ರೇಪ್ ಬ್ಯಾಂಡೇಜ್ ಇರಲಿಲ್ಲ.

3/8

ಈಗ ನನ್ನ ಭಾಗಕ್ಕೆ ಬರ್ತೀನಿ. ಒಂದು ವರ್ಷದಿಂದ ಇದನ್ನ ಎಲ್ಲೂ ಹೇಳಿಲ್ಲ.

ಬೆಂಚ್ ಮೇಲೆ ಹನ್ನೆರಡನೆಯವನು ಕೂತಿದ್ದ. ಹೊಸ ಜೆರ್ಸಿ ಹಾಕ್ಕೊಂಡಿದ್ದ, ಬೆನ್ನ ಮೇಲೆ ಹೆಸರೂ ಇತ್ತು. ಆದರೆ ಲೀಗ್‌ಗೆ ಅವನ ನೋಂದಣಿ ಮುಗಿದಿರಲಿಲ್ಲ. ಜನನ ಪ್ರಮಾಣಪತ್ರ ಅಪ್‌ಲೋಡ್ ಆಗಿರಲಿಲ್ಲ. ಆ ಕೆಲಸ ನನ್ನದು. ಅದನ್ನ ಮಾಡಬೇಕಿದ್ದ ವಾರದಲ್ಲಿ ನಾನು ಕಾಲರ್ ಬಿಳಿ ಇರಬೇಕಾ, ಹಳದಿ ಇರಬೇಕಾ ಅಂತ ಗ್ರೂಪ್‌ನಲ್ಲಿ ಪೋಲ್ ಹಾಕ್ತಿದ್ದೆ.

ದುಡ್ಡು ಹಾಕಿದವರು ಇಪ್ಪತ್ತು ಜನ. ಜೆರ್ಸಿ ಇಪ್ಪತ್ತು. ಪಂದ್ಯಕ್ಕೆ ಬಂದವರು ಹನ್ನೆರಡು. ಆಡೋಕೆ ಅರ್ಹತೆ ಇದ್ದವರು ಹನ್ನೊಂದು.

ಹಾಫ್ ಟೈಮ್‌ನಲ್ಲಿ ಅವನ ಹತ್ತಿರ ಹೋಗಿ "ಆಡ್ತೀಯಾ?" ಅಂತ ಕೇಳಿದೆ. ಕ್ಯಾಪ್ಟನ್ ಹಾಗೆ ಕೇಳಿದರೆ ಹತ್ತೊಂಬತ್ತು ವರ್ಷದ ಹುಡುಗ ಇಲ್ಲ ಅಂತಾನಾ? ಅದು ಪ್ರಶ್ನೆನೇ ಅಲ್ಲ. "ಆಡ್ತೀನಿ" ಅಂದ. ಹತ್ತೇ ನಿಮಿಷ. ಮತ್ತೆ ತಿರುಗಿದ, ಮತ್ತೆ ಮಂಡಿ ಕೈಕೊಡ್ತು. ಈ ಸಲ ಏಳೋಕೆ ಆಗಲಿಲ್ಲ.

ನಾವು ಹತ್ತು ಜನರಲ್ಲೇ ಆಡಬಹುದಿತ್ತು. ಆಟದ ನಿಯಮದ ಪ್ರಕಾರ ಒಂದು ತಂಡದಲ್ಲಿ ಏಳು ಜನ ಇದ್ದರೂ ಪಂದ್ಯ ಶುರು ಮಾಡಬಹುದು. ಇದು ನನಗೆ ಅವತ್ತೇ ಗೊತ್ತಿತ್ತು. ಆದರೆ ಒಂದು ಗೋಲು ಹಿಂದಿದ್ವಿ. ಮೊದಲ ಪಂದ್ಯ, ಹೊಸ ಜೆರ್ಸಿ, ಮರ್ಯಾದೆ ಪ್ರಶ್ನೆ.

ಮ್ಯಾಚ್ 3-0ರಲ್ಲಿ ಸೋತ್ವಿ.

4/8

ಎಸಿಎಲ್ ಹರಿದಿತ್ತು. ಮಂಡಿಯೊಳಗೆ ತೊಡೆ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಅಡ್ಡಲಾಗಿ ಬಿಗಿದಿಡೋ ಪಟ್ಟಿ ಅದು. ಯಾರೂ ತಾಗದೆ, ಬರೀ ತಿರುಗುವಾಗ, ಹಾರಿ ಇಳಿಯುವಾಗ, ಓಡ್ತಾ ಥಟ್ಟನೆ ನಿಲ್ಲುವಾಗ ಅದು ಹರಿಯೋದು ಫುಟ್‌ಬಾಲ್‌ನಲ್ಲಿ ತುಂಬಾ ಸಾಮಾನ್ಯ. ಆಪರೇಷನ್ ಆದಮೇಲೆ ಮತ್ತೆ ಪಂದ್ಯ ಆಡೋಕೆ ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು, ಕೆಲವರಿಗೆ ಇನ್ನೂ ಜಾಸ್ತಿ.

ದೊಡ್ಡ ಆಟಗಾರನಿಗೆ ಹೀಗಾದರೆ ಕ್ಲಬ್ ನೋಡಿಕೊಳ್ಳುತ್ತೆ. ಕಾಂಟ್ರ್ಯಾಕ್ಟ್ ಇರುತ್ತೆ, ಫಿಸಿಯೋ ಇರ್ತಾರೆ. ನಮ್ಮ ಹುಡುಗನಿಗೆ ಇದ್ದದ್ದು ಅವನ ಮನೆಯವರು. ಅವರಪ್ಪ ಆಟೋ ಓಡಿಸ್ತಾರೆ. ತಂಗಿ ಕಾಲೇಜ್ ಫೀಸ್‌ಗೆ ಅಂತ ಹಾಕ್ತಿದ್ದ ಚೀಟಿ ಎತ್ತಿ ಆಸ್ಪತ್ರೆಗೆ ಕಟ್ಟಿದರು. ನಾವೆಲ್ಲ ಸೇರಿ ಒಂದಿಷ್ಟು ಕೊಟ್ವಿ. ಅದು ಎಷ್ಟು ಅಂತ ಹೇಳೋಕೆ ನಾಚಿಕೆ ಆಗುತ್ತೆ. ಆಮೇಲೆ ಅವನು ಊರುಗೋಲು ಹಿಡ್ಕೊಂಡು ಮೂರನೇ ಫ್ಲೋರ್ ಕ್ಲಾಸ್‌ಗೆ ಹತ್ತಿ ಬರೋದನ್ನ ನೀವೂ ನೋಡಿದ್ದೀರಿ.

ಅವರ ಮನೆಗೆ ಹೋದಾಗ ಅವರಮ್ಮ ನನಗೇನೂ ಬೈಯಲಿಲ್ಲ. ಕಾಫಿ ಕೊಟ್ಟರು. "ನೀನು ಜೋಪಾನವಾಗಿ ಆಡಪ್ಪ" ಅಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

5/8

ಈಗ ವಿಷಯ. ಸೀಸನ್‌ಗೆ ತಯಾರಿ ಅಂದರೇನು?

ನಾವೆಲ್ಲ ಏನಂದುಕೊಂಡಿದ್ವಿ ಅಂದರೆ, ಜೆರ್ಸಿ ಮಾಡಿಸೋದು, ರೀಲ್ಸ್ ಹಾಕೋದು, ಕೊನೇ ವಾರ ಗ್ರೌಂಡ್‌ಗೆ ಹತ್ತು ಸುತ್ತು ಓಡಿ ವಾಂತಿ ಮಾಡ್ಕೊಳ್ಳೋದು. ನನ್ನ ಪ್ರಕಾರ ತಯಾರಿ ಅಂದರೆ ಒಂದೇ. ಕೆಟ್ಟದ್ದೊಂದು ಘಳಿಗೆ ಬಂದಾಗ ಕ್ಯಾಪ್ಟನ್ ತಪ್ಪು ಪ್ರಶ್ನೆ ಕೇಳೋ ಪರಿಸ್ಥಿತಿಯೇ ಬರದ ಹಾಗೆ ಮೊದಲೇ ನೋಡಿಕೊಳ್ಳೋದು.

ಇದಕ್ಕೆ ರಾಕೆಟ್ ವಿಜ್ಞಾನ ಬೇಡ. ‘ಫಿಫಾ 11+’ ಅಂತ ಒಂದು ವಾರ್ಮ್ ಅಪ್ ಇದೆ. ನಮ್ಮಂಥ ಹವ್ಯಾಸಿ ತಂಡಗಳನ್ನ ಮನಸ್ಸಲ್ಲಿಟ್ಟುಕೊಂಡೇ ಮಾಡಿದ್ದು. ಹದಿನೈದು ವ್ಯಾಯಾಮ, ಸುಮಾರು ಇಪ್ಪತ್ತು ನಿಮಿಷ, ಒಂದು ಬಾಲ್ ಸಾಕು. ಮೊದಲು ನಿಧಾನ ಓಟ. ಆಮೇಲೆ ಬಲ, ಸಮತೋಲನ, ಜಿಗಿತ. ಕೊನೆಗೆ ವೇಗದ ಓಟ. ಒಂದು ವ್ಯಾಯಾಮ ಹೇಳ್ತೀನಿ. ಮಂಡಿಯೂರಿ ನಿಲ್ಲಿ, ಹಿಂದೆ ಒಬ್ಬ ನಿಮ್ಮ ಕಣಕಾಲು ಗಟ್ಟಿಯಾಗಿ ಹಿಡಿದಿರಲಿ, ಮೈ ನೆಟ್ಟಗಿಟ್ಟು ನಿಧಾನಕ್ಕೆ ಮುಂದಕ್ಕೆ ಬಾಗಿ. ನೋಡೋಕೆ ಏನೂ ಇಲ್ಲ ಅನ್ನಿಸುತ್ತೆ. ಐದು ಸಲ ಮಾಡಿ, ಮಾರನೇ ದಿನ ಮೆಟ್ಟಿಲು ಇಳಿಯುವಾಗ ನನ್ನನ್ನ ನೆನೆಸ್ಕೋತೀರಿ. ಇನ್ನೊಂದು ಮುಖ್ಯ ಪಾಠ: ಹಾರಿ ಇಳಿಯುವಾಗ ಮಂಡಿ ಒಳಗಡೆ ವಾಲಬಾರದು, ಪಾದದ ನೇರಕ್ಕೇ ಇರಬೇಕು. ನಮ್ಮಲ್ಲಿ ಅರ್ಧ ಜನ ಇಷ್ಟು ವರ್ಷ ತಪ್ಪಾಗೇ ಇಳೀತಿದ್ವಿ.

ಇದು ಕೆಲಸ ಮಾಡುತ್ತಾ? 2008ರಲ್ಲಿ ಪ್ರಕಟವಾದ ನಾರ್ವೆಯ ಒಂದು ಅಧ್ಯಯನದಲ್ಲಿ 13ರಿಂದ 17 ವರ್ಷದ ಸಾವಿರದ ಎಂಟುನೂರಕ್ಕೂ ಹೆಚ್ಚು ಹುಡುಗಿಯರನ್ನ ಒಂದು ಸೀಸನ್ ಪೂರ್ತಿ ಗಮನಿಸಿದರು. ಈ ವಾರ್ಮ್ ಅಪ್ ಮಾಡಿದ ಕ್ಲಬ್‌ಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆ. ಗಂಭೀರ ಗಾಯಗಳು ಹತ್ತಿರ ಹತ್ತಿರ ಅರ್ಧ ಕಡಿಮೆ. ನಮ್ಮ ಹುಡುಗನ ಮಂಡಿ ಇದರಿಂದ ಖಂಡಿತ ಉಳೀತಿತ್ತು ಅಂತ ನಾನು ಹೇಳಲ್ಲ, ಯಾರೂ ಹೇಳೋಕಾಗಲ್ಲ. ಆದರೆ ಇಪ್ಪತ್ತು ನಿಮಿಷ ನಮ್ಮ ಕೈಯಲ್ಲಿತ್ತು. ನಾವು ಅದನ್ನ ಫೋಟೋಗೆ ಕೊಟ್ವಿ.

6/8

ಇದನ್ನ ಟೀಮ್‌ನಲ್ಲಿ ಹೇಳಿದಾಗ ಒಬ್ಬ ಸೀನಿಯರ್ ಅಣ್ಣ ನಕ್ಕರು. "ನಮ್ಮ ಹಳೇ ಬೆಂಗಳೂರು ಪ್ಲೇಯರ್ಸ್ ಬರಿಗಾಲಲ್ಲಿ ಆಡಿದವರು ಕಣೋ. ಅವರಿಗೆ ಯಾವ ವಾರ್ಮ್ ಅಪ್ಪು, ಯಾವ ಐಸ್ ಬಾಕ್ಸು?"

ಮಾತು ನಿಜವೇ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. ಅದುವರೆಗೆ ಆ ಕಪ್ಪು ಬ್ರಿಟಿಷ್ ತಂಡಗಳ ಪಾಲಾಗ್ತಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರು. ಗೌತಮಪುರಕ್ಕೆ ಹೋದರೆ ಇವತ್ತಿಗೂ ಪೆಲೆ ಪ್ರತಿಮೆ ನೋಡಬಹುದು. ಈ ಊರಿನ ಫುಟ್‌ಬಾಲ್ ನಿನ್ನೆ ಮೊನ್ನೆಯದಲ್ಲ.

ಆದರೆ ಅಣ್ಣ, ಅವರು ಬರಿಗಾಲಲ್ಲಿ ಆಡಿದ್ದು ಅವರಿಗೆ ಅದೇ ಅಭ್ಯಾಸ ಇದ್ದದ್ದರಿಂದ. ಅವರ ದೊಡ್ಡತನ ಇದ್ದದ್ದು ದಿನಾ ಬಂದು ಆಡೋದರಲ್ಲಿ, ಬೂಟಿಲ್ಲದ್ದರಲ್ಲಿ ಅಲ್ಲ. ಮಂಡಿ ಹೋಗಿ ಆಟ ಬಿಟ್ಟು ಮನೆಯಲ್ಲಿ ಕೂತ ಹುಡುಗರು ಆಗಲೂ ಇದ್ದಿರಬೇಕು. ಅವರ ಹೆಸರು ನಮಗೆ ಗೊತ್ತಿಲ್ಲ, ಅಷ್ಟೇ. ಗೆದ್ದವರ ಕಥೆ ಹೇಳಿ ಬಿದ್ದವರನ್ನ ಮರೆಯೋದು ಸುಲಭ.

ಇನ್ನೊಂದು ವಾದ ನನ್ನ ಕ್ಲಾಸ್‌ಮೇಟ್‌ದು: "ಜೆರ್ಸಿ ಅಂದ್ರೆ ಬರೀ ಬಟ್ಟೆ ಅಲ್ಲ ಮಗಾ, ಒಂದೇ ಬಣ್ಣ ಹಾಕ್ಕೊಂಡಾಗಲೇ ಟೀಮ್ ಅನ್ನಿಸೋದು." ಇದನ್ನ ನಾನು ಒಪ್ತೀನಿ. ನನಗೂ ಆ ಜೆರ್ಸಿ ಹಾಕಿದ ದಿನ ಎದೆ ಉಬ್ಬಿತ್ತು. ಆದರೆ ಹೋದ ವರ್ಷದ ಜೆರ್ಸಿಯೂ ಒಂದೇ ಬಣ್ಣದ್ದೇ ತಾನೇ? ಒಂದು ಸೀಸನ್ ಹಾಕಿದ ಬಟ್ಟೆಗೆ ಏನಾಗಿದೆ?

7/8

ಹಾಗಾದರೆ ಈ ವರ್ಷದ 10,000 ರೂಪಾಯಿ ಎಲ್ಲಿ ಹೋಯ್ತು? ಲೆಕ್ಕ ಇಲ್ಲಿದೆ. ಹೋದ ವರ್ಷ ಇದರಲ್ಲಿ 9,600 ಜೆರ್ಸಿಗೇ ಹೋಗಿತ್ತು.

• ಬಾಲ್ ಎರಡು: 2,400
• ಫಸ್ಟ್ ಏಡ್ ಬಾಕ್ಸ್: 1,800
• ಶಿನ್ ಗಾರ್ಡ್ ಆರು ಜೊತೆ, ಇಲ್ಲದವರಿಗೆ: 1,500
• ಕೋನ್, ಬಿಬ್: 1,300
• ಐಸ್ ಬಾಕ್ಸ್: 600
• ಆಟೋ, ಎಕ್ಸ್‌ರೇ, ತುರ್ತಿಗೆ ಅಂತ ಮುಟ್ಟದೆ ಇಟ್ಟಿರೋದು: 2,400

ಇನ್ನು ದುಡ್ಡು ಬೇಡದ ನಿಯಮಗಳು.

ಒಂದು: ಸೀಸನ್‌ಗೆ ಆರು ವಾರ ಮುಂಚೆ ಪ್ರಾಕ್ಟೀಸ್ ಶುರು. ವಾರಕ್ಕೆ ಮೂರು ದಿನ, ಬೆಳಗ್ಗೆ ಆರಕ್ಕೆ. ಮೊದಲ ಇಪ್ಪತ್ತು ನಿಮಿಷ ವಾರ್ಮ್ ಅಪ್. ಅದಕ್ಕೆ ತಪ್ಪಿಸಿಕೊಂಡವನು ಅವತ್ತು ಬಾಲ್ ಮುಟ್ಟೋ ಹಾಗಿಲ್ಲ. ಸ್ಟ್ರೈಕರ್ ಆಗಲಿ, ಕ್ಯಾಪ್ಟನ್ ಆಗಲಿ.

ಎರಡು: ಓಟದ ಭಾರ ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸ್ತೀವಿ. ನಾಲ್ಕನೇ ವಾರದಿಂದ ಫ್ರೆಂಡ್ಲಿ ಪಂದ್ಯ. ಕೊನೇ ವಾರ ಹಗುರ. ಹೊಸ ಬೂಟ್ ತಗೊಂಡವರು ಈಗಲೇ ಹಾಕಿ ಪಳಗಿಸಿಕೊಳ್ಳಿ. ಮ್ಯಾಚ್ ದಿನ ಹೊಸ ಬೂಟ್ ಬೇಡ.

ಮೂರು: ಎಲ್ಲರ ನೋಂದಣಿ ಪೇಪರ್ ಮೊದಲ ಎರಡು ವಾರದಲ್ಲೇ ಮುಗೀಬೇಕು. ಮುಗಿದಿದೆ. ಇಪ್ಪತ್ತಕ್ಕೆ ಇಪ್ಪತ್ತು.

ನಾಲ್ಕು: ಹನ್ನೊಂದರ ಪಟ್ಟಿ ಮಾಡುವಾಗ ಮೊದಲು ಹಾಜರಿ ನೋಡ್ತೀವಿ, ಆಮೇಲೆ ಆಟ. ಇದಕ್ಕೆ ತುಂಬಾ ಜಗಳ ಆಯ್ತು. ನಮ್ಮ ಬೆಸ್ಟ್ ಡ್ರಿಬ್ಲರ್ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಬಿಡಲಿ. ಅವನು ಬರದ ದಿನ ಅವನ ಜಾಗದಲ್ಲಿ ಇನ್ಯಾರದ್ದೋ ಮಂಡಿ ಎರಡು ಪಟ್ಟು ದುಡಿಯುತ್ತೆ.

ಐದು: ಗಾಯ ಆದವನನ್ನ "ಆಡ್ತೀಯಾ?" ಅಂತ ಇನ್ಮೇಲೆ ಯಾರೂ ಕೇಳಲ್ಲ. ಆಚೆ ಬಂದವನು ಆಚೆನೇ. ಹತ್ತು ಜನರಲ್ಲಿ ಆಡ್ತೀವಿ, ಒಂಬತ್ತರಲ್ಲಿ ಆಡ್ತೀವಿ. ಸೋಲು ಬಂದರೆ ಬರಲಿ.

8/8

ಕೊನೇ ಫೋಟೋ ನಿನ್ನೆ ಬೆಳಗ್ಗೆ ತೆಗೆದದ್ದು. ಮಳೆ ಬಂದು ಗ್ರೌಂಡ್ ಅರ್ಧ ಕೆಸರು. ಗೋಲ್ ಪೋಸ್ಟ್ ಹತ್ತಿರ ಸ್ಟೂಲ್ ಮೇಲೆ ಕೂತು, ಕೈಯಲ್ಲಿ ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಎಲ್ಲರಿಗೂ ಬೈತಿರೋನು ನಮ್ಮ ರೈಟ್ ಬ್ಯಾಕ್. ಡಾಕ್ಟರ್ ಇನ್ನೂ ಆಡೋಕೆ ಬಿಟ್ಟಿಲ್ಲ. ಆದರೆ ಇಪ್ಪತ್ತು ನಿಮಿಷದ ಲೆಕ್ಕ ಇಡೋದು ಈಗ ಅವನ ಕೆಲಸ. ಹತ್ತೊಂಬತ್ತಕ್ಕೆ ನಿಲ್ಲಿಸಿದರೆ ಬಿಡಲ್ಲ.

ಅವನ ಎರಡನೇ ನಂಬರ್ ಜೆರ್ಸಿನ ಈ ವರ್ಷ ಯಾರಿಗೂ ಕೊಡದೆ ಹಾಗೇ ಇಡೋಣ ಅಂತ ನಾನು ಹೇಳಿದೆ. "ಅದೇನು ಮ್ಯೂಸಿಯಂ ಪೀಸಾ? ಒಗೆದು ಇನ್ನೊಬ್ಬನಿಗೆ ಕೊಡು" ಅಂದ. ಕೊಟ್ಟಿದ್ದೀವಿ. ಹೋದ ವರ್ಷ ಬೆಂಚ್ ಮೇಲೆ ಕೂತಿದ್ದನಲ್ಲ, ಆ ಹನ್ನೆರಡನೆಯವನಿಗೆ.

"ಈ ಸಲ ಕಪ್ ನಮ್ದೇ" ಅಂತ ನಾನು ಹೇಳ್ತಿಲ್ಲ. ನಮ್ಮ ಡಿಫೆನ್ಸ್ ನೋಡಿದವರು ಯಾರೂ ಹಾಗೆ ಹೇಳಲ್ಲ. 2023ರಲ್ಲಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದದ್ದು 54 ವರ್ಷ ಕಾದ ಮೇಲೆ. ನಾವೂ ಕಾಯ್ತೀವಿ, ಅರ್ಜೆಂಟ್ ಇಲ್ಲ. ಸೀಸನ್ ಮುಗಿದ ದಿನ ಇಪ್ಪತ್ತು ಜನವೂ ಅವರವರ ಕಾಲ ಮೇಲೆ ನಡೆದು ಮನೆಗೆ ಹೋಗಬೇಕು. ಮೊದಲು ಅದು.

ನಿಮ್ಮಲ್ಲಿ ಯಾರಾದರೂ ಈ ವರ್ಷ ಟೀಮ್ ಕಟ್ತಿದ್ದರೆ, ಜೆರ್ಸಿ ಆರ್ಡರ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ಐಸ್ ಎಲ್ಲಿದೆ? ಎಲ್ಲರ ಪೇಪರ್ ಆಗಿದೆಯಾ? ಗ್ರೌಂಡ್‌ಗೆ ಎಷ್ಟೊತ್ತಿಗೆ ತಲುಪ್ತೀವಿ? ಉತ್ತರ ಇದ್ದರೆ ಧಾರಾಳವಾಗಿ ಜೆರ್ಸಿ ಮಾಡಿಸಿ, ಫೋಟೋ ಹಾಕಿ, ಮೊದಲ ಲೈಕ್ ನನ್ನದೇ.

ಮ್ಯಾಚ್ ದಿನ ಬನ್ನಿ. ಕಿಕ್ ಆಫ್‌ಗೆ ಅಲ್ಲ, ಅರ್ಧ ಗಂಟೆ ಮುಂಚೆ. ಹಳೇ ಜೆರ್ಸಿಯಲ್ಲಿ ಇಪ್ಪತ್ತು ಜನ ಮಂಡಿಯೂರಿ ಮುಂದಕ್ಕೆ ಬಾಗ್ತಿರ್ತೀವಿ. ಫೋಟೋ ಬೇಕಿದ್ದರೆ ಅದನ್ನ ತೆಗೀರಿ.

#ನಮ್ಮಫುಟ್‌ಬಾಲ್ #ಬೆಂಗಳೂರುಫುಟ್‌ಬಾಲ್ #ಮೊದಲುಮಂಡಿಆಮೇಲೆಜೆರ್ಸಿ